ರಾತ್ರಿಯಿಡೀ ಆಟ, ಮನೆಗೊಂದು ಬಗೆಯ ಪರದೆ: ವಿಡಿಯೊ ಪರಿವರ್ತನೆಯಲ್ಲಿ ನನ್ನ ಅನುಭವ

ಕುಂದಾಪುರದ ಆಸುಪಾಸಿನಲ್ಲಿ ಯಕ್ಷಗಾನದ ಹರಕೆ ಬಯಲಾಟಗಳನ್ನು ಚಿತ್ರೀಕರಿಸುವ ಕೆಲಸವನ್ನು ನಾನು ಸುಮಾರು 11 ವರ್ಷಗಳಿಂದ ಮಾಡುತ್ತಿದ್ದೇನೆ. ಹರಕೆಯ ಆಟ ಆಡಿಸುವ ಸೇವಾಕರ್ತರ ಮನೆಯ ಹಳೆಯ ಟಿವಿ, ಬೆಂಗಳೂರಿನಲ್ಲಿರುವ ಮಗನ ಐಫೋನ್, ಮುಂಬಯಿಯ ನೆಂಟರ ಆಂಡ್ರಾಯ್ಡ್ ಫೋನ್ ಎಲ್ಲದರಲ್ಲೂ ಒಂದೇ ಆಟ ತಡೆಯಿಲ್ಲದೆ ಓಡಬೇಕು. ಇದು ಉಚಿತ ಸಾಫ್ಟ್‌ವೇರ್‌ನಲ್ಲಿ ಆಗುವ ಕೆಲಸವಲ್ಲವೆಂದು ನಮ್ಮ ವೃತ್ತಿಯ ಇಬ್ಬರು ಹಿರಿಯರು ಖಡಾಖಂಡಿತವಾಗಿ ಹೇಳಿದ್ದರು. ಮೇಳಗಳ ಕಳೆದೆರಡು ತಿರುಗಾಟಗಳಲ್ಲಿ (ಆಟದ ಋತುಗಳಲ್ಲಿ) ನಾನು ಕೊಟ್ಟ ಎಪ್ಪತ್ತರಷ್ಟು ಪೆನ್‌ಡ್ರೈವ್‌ಗಳಲ್ಲಿ ಒಂದೂ ಓಡುತ್ತಿಲ್ಲವೆಂದು ಮರಳಿ ಬಂದಿಲ್ಲವಾದ್ದರಿಂದ, ಈಗ ಹೇಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ಮೊದಲು ದುಡ್ಡು ಕಳೆದುಕೊಂಡೆ. ವರ್ಷಕ್ಕೆ ಸುಮಾರು 2,800 ರೂಪಾಯಿ ಕೊಟ್ಟು ತೆಗೆದುಕೊಂಡ ಒಂದು ಸಾಫ್ಟ್‌ವೇರ್‌ನಲ್ಲಿ ನೂರಾರು ಸಾಧನಗಳ ಹೆಸರಿನ ಉದ್ದ ಪಟ್ಟಿಯಿತ್ತು. ಅದರಲ್ಲಿ ‘ಸ್ಮಾರ್ಟ್ ಟಿವಿ’ ಆರಿಸಿದರೆ ನಮ್ಮ ಕ್ಯಾಮೆರಾದ ಸೆಕೆಂಡಿಗೆ 25 ಫ್ರೇಮ್‌ಗಳನ್ನು ಅದು 30ಕ್ಕೆ ಏರಿಸುತ್ತಿತ್ತು. ಪರಿಣಾಮವಾಗಿ ವೇಷಧಾರಿ ಮಂಡಿ ಹಾಕಿ ತಿರುಗುವಾಗಲೆಲ್ಲ ಚಿತ್ರ ಕುಂಟುತ್ತಿತ್ತು; ಕೇದಗೆ ಮುಂದಲೆಯ ಅಂಚಿನಲ್ಲಂತೂ ಬಾಚಣಿಗೆಯ ಹಲ್ಲಿನಂಥ ಗೆರೆಗಳು ಎದ್ದು ಕಾಣುತ್ತಿದ್ದವು. ಆ ಸಲ ಹನ್ನೆರಡು ಪೆನ್‌ಡ್ರೈವ್‌ಗಳನ್ನು ಮತ್ತೆ ತುಂಬಿಸಿಕೊಡಬೇಕಾಯಿತು. ಎರಡು ವಾರದ ದುಡಿಮೆ ಅದರಲ್ಲೇ ಹೋಯಿತು.

ಅಲ್ಲಿಂದ ಸಾಧನದ ಹೆಸರು ನೋಡಿ ಸಾಫ್ಟ್‌ವೇರ್ ಆರಿಸುವುದನ್ನೇ ಬಿಟ್ಟು, ಎಲ್ಲಕ್ಕಿಂತ ಹಳೆಯ ಟಿವಿಗೆ ಏನು ಜೀರ್ಣವಾಗುತ್ತದೆ ಎಂದು ನೋಡತೊಡಗಿದೆ. ಅದಕ್ಕೆ ಬೇಕಾದ ಒಂದೊಂದು ಅಂಶವನ್ನೂ ನಾನೇ ನಿಗದಿಪಡಿಸಲು ಬಿಡುವುದು ಉಚಿತವಾಗಿ ಸಿಗುವ ಪರಿವರ್ತನೆ ಸಾಫ್ಟ್‌ವೇರ್ ಹ್ಯಾಂಡ್‌ಬ್ರೇಕ್. ನಮ್ಮ ಕ್ಯಾಮೆರಾದ ಇಂಟರ್‌ಲೇಸ್ (ಸರಿ-ಬೆಸ ಗೆರೆಗಳನ್ನು ಸರದಿಯಲ್ಲಿ ಹಿಡಿಯುವ) ಚಿತ್ರವನ್ನು ‘ಬಾಬ್’ ವಿಧಾನದಲ್ಲಿ, ಅಂದರೆ ಪ್ರತಿ ಸರದಿಯನ್ನೂ ಪೂರ್ಣ ಚಿತ್ರವಾಗಿಸಿ, ಬಿಡಿಸಿದರೆ ಸೆಕೆಂಡಿಗೆ 50 ಪೂರ್ಣ ಫ್ರೇಮ್‌ಗಳು ಸಿಗುತ್ತವೆ. ಆದರೆ 1080 ಗೆರೆಗಳ 50 ಫ್ರೇಮ್‌ಗೆ ಎಚ್.264 ಎಂಬ ವಿಡಿಯೊ ಸಂಕೋಚನ ವಿಧಾನದಲ್ಲಿ 4.2 ಲೆವೆಲ್ (ಸಾಧನದ ಮೇಲಿನ ಹೊರೆಯ ದರ್ಜೆ) ಬೇಕಾಗುತ್ತದೆ. ಹಳೆಯ ಟಿವಿಗಳು ಹೆಚ್ಚಾಗಿ 4.1ಕ್ಕೇ ನಿಲ್ಲುತ್ತವೆ. ಹಾಗಾಗಿ ಟಿವಿ ಪ್ರತಿಯನ್ನು 720ಕ್ಕೆ ಇಳಿಸಿ 50 ಫ್ರೇಮ್‌ಗಳನ್ನು ಹಾಗೆಯೇ ಉಳಿಸಿಕೊಂಡೆ. ಗೆರೆ ಕಡಿಮೆ ಮಾಡಿದರೆ ಗಿರಾಕಿ ಒಪ್ಪುವುದಿಲ್ಲವೆಂದು ಹಿರಿಯರು ವಾದಿಸಿದ್ದರು, ಆದರೆ ಕುಣಿತ ಬೆಣ್ಣೆಯಂತೆ ಸಾಗುವುದನ್ನು ಕಂಡ ಒಬ್ಬ ಗಿರಾಕಿಯೂ ಗೆರೆಗಳ ಲೆಕ್ಕ ಕೇಳಲಿಲ್ಲ.

ಇನ್ನೊಂದು ತೊಡಕು ಪೆನ್‌ಡ್ರೈವ್‌ನದು. ಹಳೆಯ ಟಿವಿಗಳಲ್ಲಿ ಹಲವು ಓದುವುದು ಫ್ಯಾಟ್32 ಎಂಬ ಫೈಲ್ ವ್ಯವಸ್ಥೆಯನ್ನು ಮಾತ್ರ, ಅದರಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. ಗಾತ್ರವನ್ನು ಸಾಫ್ಟ್‌ವೇರ್‌ಗೇ ಬಿಡುವ ಗುಣಮಟ್ಟದ ಅಂಕಿಯನ್ನು 21ಕ್ಕೆ ಇಟ್ಟು ಬಿಟ್ಟರೆ, ಆಟವನ್ನು ಎರಡೆರಡು ಗಂಟೆಗೆ ಭಾಗ ಮಾಡಿದಾಗ ಒಡ್ಡೋಲಗದ (ವೇಷಗಳ ಪ್ರವೇಶದ) ಭಾಗ ಮೂರು ಜಿಬಿಯಲ್ಲಿ ಮುಗಿದು, ಬಣ್ಣದ ವೇಷಗಳ ಯುದ್ಧವಿರುವ ಭಾಗ ನಾಲ್ಕೂಕಾಲಕ್ಕೆ ಹೋಗುತ್ತಿತ್ತು. ಆದ್ದರಿಂದ ಟಿವಿಗೆ ಮಾತ್ರ ಸರಾಸರಿ 4 ಎಂಬಿಪಿಎಸ್ (ಸೆಕೆಂಡಿಗೆ 4 ಮೆಗಾಬಿಟ್), ಎರಡು ಸುತ್ತಿನ ಎನ್‌ಕೋಡಿಂಗ್ (ಪರಿವರ್ತನೆ). ಎರಡು ಗಂಟೆಯ ಒಂದು ಭಾಗ 3.8 ಜಿಬಿಯ ಒಳಗೇ ನಿಲ್ಲುತ್ತದೆ.

ಪರಿವರ್ತನೆಗೆ ಮೊದಲಿನ ಜೋಡಣೆಯನ್ನು ಇನ್ನೊಂದು ಉಚಿತ ಸಾಫ್ಟ್‌ವೇರ್ ಆದ ಎಫ್‌ಎಫ್‌ಎಂಪೆಗ್‌ನಲ್ಲಿ ಮಾಡುತ್ತೇನೆ. ಕ್ಯಾಮೆರಾ 2 ಜಿಬಿಗೊಮ್ಮೆ ಫೈಲ್ ತುಂಡರಿಸುತ್ತದೆ. ತುಂಡುಗಳನ್ನು ಬಿಡಿಬಿಡಿಯಾಗಿ ಪರಿವರ್ತಿಸಿ ಆಮೇಲೆ ಸೇರಿಸಿದರೆ ಕೊಂಡಿಯಲ್ಲಿ ಚೆಂಡೆಯ ಒಂದು ಪೆಟ್ಟು ಮಾಯವಾಗುತ್ತದೆ. ಇದನ್ನು ನನಗೆ ತೋರಿಸಿಕೊಟ್ಟವರು ಒಬ್ಬ ಭಾಗವತರು. ತಾಳ ಹಾಕುತ್ತ ಕೇಳುತ್ತಿದ್ದವರು ಥಟ್ಟನೆ ಕೈ ನಿಲ್ಲಿಸಿ, “ಇಲ್ಲೊಂದು ಪೆಟ್ಟು ಬಿಟ್ಟುಹೋಗಿದೆಯಲ್ಲ ಮಾರಾಯ್ರೆ” ಎಂದರು. ಮೂಲ ತುಂಡುಗಳನ್ನು ಮೊದಲೇ ಒಂದಾಗಿಸಿದ ಮೇಲೆ ಆ ದೋಷ ಮರುಕಳಿಸಿಲ್ಲ. ಧ್ವನಿಯನ್ನು 192 ಕೆಬಿಪಿಎಸ್‌ಗಿಂತ ಕೆಳಗೆ ನಾನು ಇಳಿಸುವುದಿಲ್ಲ. 96ರಲ್ಲಿ ಚೆಂಡೆಯ ಉರುಳಿಕೆ ಮರಳು ಸುರಿದಂತೆ ಕೇಳುತ್ತದೆ.

ಫೋನ್‌ಗಳಿಗೆ ಎಚ್‌ಇವಿಸಿ (ಎಚ್.264ಗಿಂತ ಕಡಿಮೆ ಜಾಗ ಸಾಕಾಗುವ ಸಂಕೋಚನ ವಿಧಾನ) ಕೊಡುತ್ತೇನೆ. ಎಫ್‌ಎಫ್‌ಎಂಪೆಗ್‌ನಲ್ಲಿ ಮಾಡಿದ ಮೊದಲ ಪ್ರತಿ ಐಫೋನ್‌ನಲ್ಲಿ ತೆರೆಯಲೇ ಇಲ್ಲ. ಇಡೀ ಆಟವನ್ನು ಮತ್ತೆ ಪರಿವರ್ತಿಸಬೇಕೆಂದು ಎದೆಗುಂದಿದ್ದೆ, ಆದರೆ ಬೇಕಿದ್ದದ್ದು ಎಚ್‌ವಿಸಿ1 ಎಂಬ ಟ್ಯಾಗ್ ಮಾತ್ರ. ಚಿತ್ರವನ್ನು ಮುಟ್ಟದೆ ನಕಲು ಮಾಡುತ್ತ ಅದನ್ನು ಸೇರಿಸಲು ಐದು ನಿಮಿಷ ಹಿಡಿಯಿತು.

ನಡುವೆ ಗ್ರಾಫಿಕ್ಸ್ ಕಾರ್ಡಿನ ಎನ್‌ಕೋಡರನ್ನೂ ಪರೀಕ್ಷಿಸಿದೆ. ರಾತ್ರಿಯಿಡೀ ಹಿಡಿಯುತ್ತಿದ್ದ ಕೆಲಸ ಒಂದೂವರೆ ಗಂಟೆಯಲ್ಲಿ ಮುಗಿಯಿತು, ಆದರೆ ಅಷ್ಟೇ ಗಾತ್ರದಲ್ಲಿ ರಂಗಸ್ಥಳದ ಹಿಂದಿನ ಕತ್ತಲು ಚೌಕಚೌಕವಾಗಿ ಒಡೆಯಿತು. ಅದನ್ನು ಫೋನ್ ಪ್ರತಿಗಷ್ಟೇ ಮೀಸಲಿಟ್ಟಿದ್ದೇನೆ. ಹ್ಯಾಂಡ್‌ಬ್ರೇಕ್‌ಗೆ ಆಮೇಲೆ ಬಂದ ಎವಿ1 ಎಂಬ ಸಂಕೋಚನ ವಿಧಾನದಲ್ಲಿ ಗಾತ್ರ ಬಹಳ ಇಳಿಯಿತಾದರೂ ನಮ್ಮೂರಿನ ಹಳೆಯ ಟಿವಿಗಳಿಗೆ ಅದರ ಗಂಧವೇ ಇಲ್ಲ. ಕತ್ತಲಿನ ಕಾಳುಕಾಳು ನಾಯ್ಸ್ ತಗ್ಗಿಸಿ ಮುಖವರ್ಣಿಕೆಯ ಗೆರೆಗಳನ್ನು ಉಳಿಸುವ ಫಿಲ್ಟರ್ ಅಂಕಿಗಳಿಗಾಗಿ ನಾನು ಒಂದು ಮಳೆಗಾಲವನ್ನೇ ವ್ಯಯಿಸಿದ್ದೇನೆ. ಅವನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಸಾಫ್ಟ್‌ವೇರ್‌ಗೆ ಈಗ ಖರ್ಚಿಲ್ಲ. ಉಳಿದ ಹಣದಲ್ಲಿ 2,500 ರೂಪಾಯಿಗೆ 32 ಇಂಚಿನ ಹಳೆಯ ಟಿವಿಯೊಂದನ್ನು ಕೊಂಡು ಅಂಗಡಿಯಲ್ಲಿ ಇಟ್ಟಿದ್ದೇನೆ. ಪ್ರತಿ ಪೆನ್‌ಡ್ರೈವನ್ನೂ ಅದಕ್ಕೆ ಚುಚ್ಚಿ, ಪ್ರತಿ ಭಾಗದ ಆರಂಭ ಮತ್ತು ಕೊಂಡಿಗಳನ್ನು ನೋಡಿ, ಕೊನೆಯ ಮಂಗಳಪದ ಕೇಳಿಸಿದ ಮೇಲೆಯೇ ಲಕೋಟೆಗೆ ಹಾಕುತ್ತೇನೆ.