ಪಹಣಿಯಲ್ಲಿ 'ಸ್ವಂತ' ಅಂತಿದ್ದರೆ ನಂಬಿ ಕೂರಬೇಡಿ

ಒಂದು ಊರಿನಲ್ಲಿ ಭೂಮಿ ನಿಜಕ್ಕೂ ಯಾರ ಕೈಲಿದೆ ಅಂತ ತಿಳಿಯಬೇಕಾದರೆ ಮೊದಲು ಪಹಣಿ, ಅಂದರೆ ಜಮೀನಿನ ಸರ್ಕಾರಿ ದಾಖಲೆ, ತೆಗೆಸಿಕೊಳ್ಳಿ. ಇಡೀ ಊರು ಬೇಡ, ಒಂದೇ ಬದಿಯ ಮೂವತ್ತು ಸರ್ವೆ ನಂಬರ್ ಸಾಕು. 9ನೇ ಕಾಲಂನಲ್ಲಿ ಮಾಲೀಕರ ಹೆಸರು ಇರುತ್ತದೆ, 11ರಲ್ಲಿ ಸಾಲ, 12ರಲ್ಲಿ ಸಾಗುವಳಿ ಮಾಡುವವರು ಮತ್ತು ಬೆಳೆ. ಆ 12ನೇ ಕಾಲಂನಲ್ಲಿ ಸಾಲುಸಾಲಾಗಿ 'ಸ್ವಂತ' ಅಂತ ಕಾಣುತ್ತದೆ, ಅಂದರೆ ಮಾಲೀಕರೇ ಉಳುತ್ತಾರೆ ಅಂತ. ನಿಮ್ಮ ಕೆಲಸ ಶುರುವಾಗುವುದೇ ಅಲ್ಲಿಂದ.

ಯಾಕೆ ಹಾಗೆ ಬರೆದಿರುತ್ತಾರೆ? ದೇವರಾಜ ಅರಸರ ಕಾಲದ ಭೂ ಸುಧಾರಣಾ ಕಾಯ್ದೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಫಾರಂ 7 ಅನ್ನುವ ಅರ್ಜಿ ಹಾಕಿದ ಎಷ್ಟೋ ಗೇಣಿದಾರರು, ಅಂದರೆ ಬೇರೆಯವರ ಹೊಲ ಉಳುತ್ತಿದ್ದವರು, ಒಡೆಯರಾದರು. ದೊಡ್ಡ ಕೆಲಸ ಅದು. ಸೈನಿಕರು, ನಾವಿಕರಂಥ ಕೆಲವರನ್ನು ಬಿಟ್ಟರೆ ಯಾರೂ ಜಮೀನನ್ನು ಗೇಣಿಗೆ ಕೊಡಬಾರದು ಅಂತಲೂ ಆಯಿತು. ಆದರೆ ಗೇಣಿ ನಿಲ್ಲಲಿಲ್ಲ, ಬಾಯಿಮಾತಿಗೆ ಇಳಿಯಿತು. ಕಾಗದದಲ್ಲಿ ಉಳುವವನ ಹೆಸರು ಬಂದರೆ ಹೊಲ ಹೋದೀತು ಅನ್ನುವ ಭಯ ಒಡೆಯನಿಗೆ ಇವತ್ತಿಗೂ ಇದೆ.

ಹಾಗಾಗಿ ಬಿತ್ತನೆ ಹೊತ್ತಿಗೆ ಹೊಲಕ್ಕೇ ಹೋಗಿ. 'ಈ ಹೊಲ ಯಾರದು' ಅಂತ ಕೇಳಿದರೆ ಪಹಣಿಯ ಉತ್ತರವೇ ಬರುತ್ತದೆ. 'ಬೀಜ ಯಾರು ತಂದರು, ಗೊಬ್ಬರದ ದುಡ್ಡು ಯಾರದು, ಹತ್ತಿ ಮಾರಿದ ಹಣ ಯಾರ ಕೈಗೆ ಬಂತು' ಅಂತ ಕೇಳಿ. ಊರಿನ ಮಾತನ್ನೇ ಬಳಸಿ. ಹಾವೇರಿ, ಧಾರವಾಡದ ಕಡೆ ಲಾವಣಿ ಅಂದರೆ ವರ್ಷಕ್ಕೆ ಇಷ್ಟು ಅಂತ ಗೊತ್ತುಮಾಡಿದ ದುಡ್ಡು, ಪಾಲು ಅಂದರೆ ಬೆಳೆಯಲ್ಲಿ ಹಂಚಿಕೆ. ಮೈಸೂರು ಕಡೆ 'ವಾರಕ್ಕೆ ಮಾಡ್ತೀವಿ' ಅಂತಾರೆ, ಅದೂ ಬೆಳೆಯ ಹಂಚಿಕೆಯೇ. ಭೋಗ್ಯ ಬೇರೆಯೇ, ಅದು ಸಾಲಕ್ಕೆ ಬಿಟ್ಟುಕೊಟ್ಟ ಹೊಲ. ಇವನ್ನೆಲ್ಲ ಒಟ್ಟಿಗೆ 'ಗುತ್ತಿಗೆ' ಅಂತ ಬರೆದರೆ ನಿಮ್ಮ ಲೆಕ್ಕ ಸುಮ್ನೆ ಹಾಳು. ಲಾವಣಿಯಲ್ಲಿ ಮಳೆ ಕೈಕೊಟ್ಟರೆ ನಷ್ಟವೆಲ್ಲ ಉಳುವವನದು, ಪಾಲಿನಲ್ಲಿ ಇಬ್ಬರದೂ.

ಟಿಪ್ಪಣಿಯಲ್ಲಿ ಉಳುವವರ ಹೆಸರನ್ನಂತೂ ಬರೆಯಲೇಬೇಡಿ. ಸವಣೂರಿನ ಕಡೆ ನಾಲ್ಕು ಎಕರೆ ಲಾವಣಿ ಹಿಡಿದಿದ್ದ ಒಬ್ಬರು ನನ್ನ ಪೆನ್ನಿನ ಮೇಲೆ ಕೈಯಿಟ್ಟು, "ಹೆಸರು ಹಾಕಬ್ಯಾಡ್ರಿ ಅಕ್ಕಾರ, ಮುಂದಿನ ವರ್ಷ ಹೊಲಾ ಕೊಡೂದಿಲ್ಲ" ಅಂದರು. ಅವತ್ತಿನಿಂದ ಪ್ರತಿ ತುಂಡಿಗೂ ಒಂದು ಸಂಖ್ಯೆ ಕೊಡುತ್ತೇನೆ. ಯಾವ ಸಂಖ್ಯೆ ಯಾರದು ಅನ್ನುವ ಪಟ್ಟಿ ನನ್ನ ಪೆಟ್ಟಿಗೆ ಬಿಟ್ಟು ಹೊರಗೆ ಹೋಗುವುದಿಲ್ಲ.

ಹೆಣ್ಣುಮಕ್ಕಳನ್ನು ಬೇರೆಯಾಗಿ ಮಾತಾಡಿಸಿ, ಹಿತ್ತಲಲ್ಲಿ, ಗಂಡಸರು ಇಲ್ಲದಾಗ. ಹೋದ ಮಾವನ ಹೆಸರಲ್ಲೇ ಪಹಣಿ ಇದ್ದು, ಪೌತಿ ಖಾತೆ (ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾವಣೆ) ಆಗದೆ, ಗಂಡನೂ ತೀರಿಕೊಂಡು ಒಂಟಿಯಾಗಿ ಸಾಗುವಳಿ ಮಾಡುವವರು ಪ್ರತಿ ಊರಲ್ಲೂ ಸಿಕ್ಕಿದ್ದಾರೆ ನನಗೆ.

ವರದಿಯಲ್ಲಿ ಪಹಣಿ ಹೇಳುವುದನ್ನೂ ಹೊಲ ಹೇಳುವುದನ್ನೂ ಅಕ್ಕಪಕ್ಕ ಇಡಿ. ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿ, ಬೆಳೆ ಪರಿಹಾರ ಎರಡೂ ಪಹಣಿ ಹಿಡಿದೇ ಹೋಗುತ್ತವೆ. ಹಾಗಾದರೆ ಬೆಳೆ ಕಳೆದುಕೊಂಡವನಿಗೆ ಏನು ಸಿಕ್ಕಿತು? ಅಧಿಕಾರಿಗಳು ಮೊದಲು ಓದಬೇಕಾದದ್ದು ಆ ಪುಟ, ಅಲ್ವಾ? ಅದನ್ನೇ ಮುಂದಿಡಿ.

ಯುಗಾದಿ ಆದ ಮೇಲೆ ಇನ್ನೊಮ್ಮೆ ಹೋಗಿ. ನಾನು ಓಡಾಡಿದ ಊರುಗಳಲ್ಲಿ ಲಾವಣಿ ಹೊಸದಾಗುವುದು ಆಗಲೇ. ಸವಣೂರಿನ ಆ ನಾಲ್ಕು ಎಕರೆಯಲ್ಲಿ ನಾನು ಎರಡನೇ ಸಲ ಹೋದಾಗ ಬೇರೆಯವರ ಎತ್ತು ಹೂಡಿದ್ದವು.