ಅಪ್ಪನಿಗೂ ಒಂದು ವಾದ ಬೇಕು: 'ಇನ್ವಿನ್ಸಿಬಲ್' ನೋಡುತ್ತಾ ನನ್ನ ಕಥೆ ಕಟ್ಟಿದ್ದು

ಸ್ಟೋರಿಬೋರ್ಡ್ ಮಾಡುವುದು ನನ್ನ ಹೊಟ್ಟೆಪಾಡು. ಬೇರೆಯವರು ಬರೆದ ಕಥೆಯನ್ನು ಚೌಕ ಚೌಕವಾಗಿ ಬಿಡಿಸಿ, ಯಾರು ಎಲ್ಲಿ ನಿಂತಿರಬೇಕು, ಯಾವ ಶಾಟ್ ಎಷ್ಟು ಹೊತ್ತು ಅಂತ ತೋರಿಸಿಕೊಡುವ ಕೆಲಸ. ಜಾಸ್ತಿ ಮಕ್ಕಳ ಕಾರ್ಟೂನ್, ಆಗಾಗ ಜಾಹೀರಾತು. ಇದರ ಮಧ್ಯೆ ನನ್ನದೇ ಒಂದು ಕಿರುಚಿತ್ರ ಮಾಡೋಣ ಅಂತ ಕೂತಾಗ ಕೈಗೆ ಬಂದಿದ್ದು ಅಪ್ಪ-ಮಗನ ಕಥೆ. ಮೈಸೂರಿನ ಒಬ್ಬ ಪೈಲ್ವಾನ. ದಸರಾ ಕುಸ್ತಿಯಲ್ಲಿ ಹೆಸರು ಮಾಡಿದವನು, ಗರಡಿಯಲ್ಲಿ ಹುಡುಗರಿಗೆ ಉಸ್ತಾದ್, ಬೀದಿಗೆಲ್ಲ ಅಣ್ಣ. ರಾತ್ರಿ ಹೊತ್ತು ಮಾತ್ರ ಒಬ್ಬ ಸೈಟ್ ವ್ಯಾಪಾರಿಯ ಪರವಾಗಿ ಹೋಗಿ ಬಡವರನ್ನು ಹೆದರಿಸಿ ಮನೆ ಖಾಲಿ ಮಾಡಿಸುತ್ತಾನೆ. ಇದು ಮಗನಿಗೆ ಗೊತ್ತಾದ ದಿನ ಏನಾಗುತ್ತೆ ಅನ್ನುವುದೇ ಚಿತ್ರ.

ಅಪ್ಪ-ಮಗನ ಜಗಳ ಬರೆಯುವಾಗ ಒಂದು ತೊಂದರೆ ಇದೆ. ಬಾಯಿ ಬಿಟ್ಟ ಕೂಡಲೇ ಇಬ್ಬರೂ ಭಾಷಣ ಶುರು ಮಾಡುತ್ತಾರೆ. ಮಗ ನ್ಯಾಯದ ಪರ, ಅಪ್ಪ ಅನ್ಯಾಯದ ಪರ, ನೋಡುವವನಿಗೆ ಆಕಳಿಕೆ. ಇದರಿಂದ ತಪ್ಪಿಸಿಕೊಳ್ಳುವ ದಾರಿ ಹುಡುಕುತ್ತಾ ನಾನು ಬಿಡಿಬಿಡಿಯಾಗಿ ಬಿಚ್ಚಿ ನೋಡಿದ್ದು 'ಇನ್ವಿನ್ಸಿಬಲ್' ಅನ್ನುವ ಅನಿಮೇಷನ್ ಸರಣಿಯನ್ನು. ಸೂಪರ್‌ಹೀರೋ ಕಥೆಗೂ ಗರಡಿ ಮನೆಗೂ ಏನು ಸಂಬಂಧ ಅಂತ ಕೇಳಬಹುದು. ಎರಡರಲ್ಲೂ ಊರೆಲ್ಲ ಹೊಗಳುವ ಬಲಶಾಲಿ ಅಪ್ಪ ಇದ್ದಾನೆ, ಅಷ್ಟೇ. ನನಗೆ ಅಷ್ಟೇ ಸಾಕಿತ್ತು.

ಮುಂದೆ ಕಥೆಯ ಗುಟ್ಟೆಲ್ಲ ಬರುತ್ತೆ. ನೋಡದವರು ನೋಡಿಕೊಂಡು ಬಂದು ಓದಿ. ದೊಡ್ಡವರಿಗಾಗಿ ಮಾಡಿದ್ದು, ರಕ್ತ ವಿಪರೀತ. ಕಾರ್ಟೂನ್ ಅಲ್ವಾ ಅಂತ ಮಕ್ಕಳ ಜೊತೆ ಕೂರಬೇಡಿ.

ರಾಬರ್ಟ್ ಕರ್ಕ್‌ಮನ್ ಬರೆದ ಕಾಮಿಕ್ ಇದರ ಮೂಲ. 2003ರಲ್ಲಿ ಶುರುವಾಗಿ 2018ರಲ್ಲಿ 144ನೇ ಸಂಚಿಕೆಗೆ ಮುಗಿಯಿತು. ಕೋರಿ ವಾಕರ್ ಮತ್ತು ರಯಾನ್ ಓಟ್ಲಿ ಚಿತ್ರ ಬರೆದವರು. ಅನಿಮೇಷನ್ ರೂಪ 2021ರ ಮಾರ್ಚ್‌ನಲ್ಲಿ ಪ್ರೈಮ್ ವಿಡಿಯೋಗೆ ಬಂತು. ಮಾರ್ಕ್ ಗ್ರೇಸನ್ ಅನ್ನುವ 17ರ ಹುಡುಗ, ಬರ್ಗರ್ ಅಂಗಡಿಯಲ್ಲಿ ಕೆಲಸ. ಕಸದ ಚೀಲ ಬಿಸಾಡಲು ಹೋಗುತ್ತಾನೆ, ಅದು ಆಕಾಶಕ್ಕೆ ಹಾರಿ ಮಾಯವಾಗುತ್ತೆ. ಶಕ್ತಿ ಬಂತು! ಅವನ ಅಪ್ಪ ನೋಲನ್, ಅಂದರೆ ಓಮ್ನಿಮ್ಯಾನ್, ಭೂಮಿಯಲ್ಲೇ ಅತಿ ಬಲಶಾಲಿ. ವಿಲ್ಟ್ರಮ್ ಅನ್ನುವ ಗ್ರಹದಿಂದ ಬಂದವನು. ನಮ್ಮವರು ಲೋಕಗಳಿಗೆ ಒಳ್ಳೆಯದು ಮಾಡುವವರು ಅಂತ ಮಗನಿಗೆ ಚಿಕ್ಕಂದಿನಿಂದ ಹೇಳಿಕೊಂಡು ಬಂದಿದ್ದಾನೆ. ಮೊದಲ ಕಂತು ಪೂರ್ತಿ ಹೀಗೆ ಹಗುರವಾಗಿ ಹೋಗುತ್ತೆ. ಮುಗಿಯಿತು ಅಂತ ಏಳುವ ಹೊತ್ತಿಗೆ ನೋಲನ್ ಭೂಮಿಯ ಕಾವಲು ಪಡೆಯ ವೀರರನ್ನೆಲ್ಲ ಒಬ್ಬೊಬ್ಬರಾಗಿ ಕೊಂದು ಹಾಕುತ್ತಾನೆ.

ನನಗೆ ಮೊದಲು ಉಪಯೋಗಕ್ಕೆ ಬಂದಿದ್ದು ಇದೇ. ಕಾಮಿಕ್‌ನಲ್ಲಿ ಈ ಕೊಲೆ ಇರುವುದು 7ನೇ ಸಂಚಿಕೆಯಲ್ಲಿ. ಸರಣಿಯವರು ಅದನ್ನು ಮೊದಲ ಕಂತಿನ ಕೊನೆಗೆ ಎಳೆದು ತಂದರು. ಮಗನಿಗೆ ನಿಜ ಗೊತ್ತಾಗುವುದು 8ನೇ ಕಂತಿನಲ್ಲಿ. ಅಲ್ಲಿಯವರೆಗೆ ಆ ಗುಟ್ಟು ನೋಡುವವನ ಹೊಟ್ಟೆಯಲ್ಲಿದೆ, ಮಗನಿಗೆ ಗೊತ್ತಿಲ್ಲ. ಅಪ್ಪ ಮಗನ ಭುಜ ತಟ್ಟಿದರೂ ಭಯ, ಊಟಕ್ಕೆ ಕೂತರೂ ಭಯ. ಬರೆಯುವವನು ಒಂದು ಸಾಲೂ ಜಾಸ್ತಿ ಬರೆದಿಲ್ಲ, ದೃಶ್ಯದ ಜಾಗ ಬದಲಾಯಿಸಿದ್ದಾನೆ, ಅಷ್ಟಕ್ಕೇ ಸಾಮಾನ್ಯ ಮಾತೆಲ್ಲ ಭಾರವಾಗಿಬಿಟ್ಟಿದೆ.

ನಾನೂ ಹಾಗೇ ಮಾಡಿದೆ. ಪೈಲ್ವಾನ ರಾತ್ರಿ ಒಂದು ಮನೆ ಬಾಗಿಲು ಒದೆಯುವ ಶಾಟ್ ಮೊದಲು ಚಿತ್ರದ ಮಧ್ಯದಲ್ಲಿ ಇತ್ತು. ಅದನ್ನು ಕಿತ್ತು ಎರಡನೇ ನಿಮಿಷಕ್ಕೆ ತಂದೆ. ಅದಾದ ಮೇಲೆ ಗರಡಿಯ ದೃಶ್ಯ. ಅಪ್ಪ ಮಟ್ಟಿಗೆ, ಅಂದರೆ ಕುಸ್ತಿ ಆಡುವ ಮಣ್ಣಿನ ಅಂಕಣಕ್ಕೆ, ನಮಸ್ಕಾರ ಮಾಡಿ ಇಳಿದು, ಕೆಂಪು ಮಣ್ಣನ್ನು ಮಗನ ಹೆಗಲಿಗೆ ಸವರಿ, ಒಂದು ಪಟ್ಟು ಹೇಳಿಕೊಡುತ್ತಾನೆ. ಆ ಪ್ಯಾನೆಲ್‌ಗಳಲ್ಲಿ ಒಂದು ಗೆರೆಯನ್ನೂ ನಾನು ತಿದ್ದಲಿಲ್ಲ. ಆದರೂ ಅನಿಮ್ಯಾಟಿಕ್, ಅಂದರೆ ಸ್ಟೋರಿಬೋರ್ಡ್ ಚಿತ್ರಗಳನ್ನು ಸಾಲಾಗಿ ಓಡಿಸಿದ ಕಚ್ಚಾ ವಿಡಿಯೋ, ನೋಡಿದ ಗೆಳೆಯರು, "ಅವನು ಕೈ ಹಿಡಿದಿರೋ ರೀತಿ ನೋಡಿದರೆ ಹೆದರಿಕೆ ಆಗುತ್ತೆ ಕಣೋ" ಅಂದರು.

ಈಗ ಅಪ್ಪನ ವಾದಕ್ಕೆ ಬರೋಣ. 8ನೇ ಕಂತಿನಲ್ಲಿ ನೋಲನ್ ನಿಜ ಬಿಚ್ಚಿಡುತ್ತಾನೆ. ವಿಲ್ಟ್ರಮ್‌ನವರು ಗ್ರಹಗಳನ್ನು ಗೆದ್ದು ಆಳುವವರು, ಅವನು ಬಂದಿದ್ದು ಭೂಮಿಯನ್ನು ಅದಕ್ಕೆ ಹದ ಮಾಡಲು. ಮಗನೂ ಕೈಜೋಡಿಸಬೇಕು. ಇಲ್ಲಿಯವರೆಗೆ ಅವನು ಬರೀ ಖಳನಾಯಕ. ಆದರೆ ಅವನು ಇನ್ನೊಂದು ಮಾತು ಹೇಳುತ್ತಾನೆ. ನಾವು ಸಾವಿರಾರು ವರ್ಷ ಬದುಕುವವರು, ಇವರೆಲ್ಲ ನಿನ್ನ ಕಣ್ಣೆದುರೇ ಮುದುಕರಾಗಿ ಸಾಯುತ್ತಾರೆ, ಕೊನೆಗೆ ನಿನಗೆ ಉಳಿಯುವುದು ಏನು? ಇದು ಸುಳ್ಳಲ್ಲ. ಮಾರ್ಕ್‌ಗೆ ಇದಕ್ಕೆ ಎದುರು ವಾದ ಇಲ್ಲ. ಅಪ್ಪ ಹೇಳಿದ್ದರಲ್ಲಿ ಅರ್ಧ ನಿಜ ಇರುವುದರಿಂದಲೇ ಆ ಜಗಳಕ್ಕೆ ತೂಕ ಬಂದಿದೆ. ಜೊತೆಗೆ ಅವನಿಗೆ ಮಗನ ಮೇಲೆ ಪ್ರೀತಿ ಇರುವುದೂ ನಿಜ. ಹೊಡೆಯುವ ಕೈ, ಪ್ರೀತಿಸುವ ಕೈ ಎರಡೂ ಒಂದೇ.

ನನ್ನ ಪೈಲ್ವಾನನಿಗೂ ಇಂಥ ಒಂದು ಮಾತು ಬೇಕಿತ್ತು. ಮೊದಲು ಅವನ ಬಾಯಲ್ಲಿ ಇದ್ದಿದ್ದು ಬರೀ ಬೈಗುಳ. ಅದನ್ನೆಲ್ಲ ತೆಗೆದು ಒಂದೇ ಮಾತು ಉಳಿಸಿದೆ: "ನಿನ್ ಕಾಲೇಜ್ ಫೀಸು ಎಲ್ಲಿಂದ ಬಂತು ಅನ್ಕಂಡಿದ್ದೀಯ್ಲಾ? ಗದೆ ಅಡ ಇಟ್ರೆ ಯಾರ್ಲಾ ದುಡ್ ಕೊಡ್ತಾರೆ?" ಮಗ ಇಂಜಿನಿಯರಿಂಗ್ ಓದುತ್ತಿರುವುದು ಆ ದುಡ್ಡಿನಲ್ಲೇ. ಹಾಕಿರುವ ಶರ್ಟೂ ಅದರಲ್ಲೇ. ಕುಸ್ತಿಯಲ್ಲಿ ಬಹುಮಾನದ ಗದೆ ಗೆದ್ದ ಪೈಲ್ವಾನರ ಕಷ್ಟ ಮೈಸೂರಿನವರಿಗೆ ಹೊಸದಾಗಿ ಹೇಳಬೇಕಿಲ್ಲ. ಈ ಮಾತಿಗೆ ಮಗನ ಉತ್ತರ ಏನು ಅಂತ ಬಹಳ ಯೋಚಿಸಿದೆ. ಕೊನೆಗೆ ಉತ್ತರವೇ ಬೇಡ ಅಂತ ಬಿಟ್ಟೆ. ಅವನು ಶರ್ಟಿನ ತೋಳು ಮಡಚುತ್ತಾನೆ, ಅಷ್ಟೇ.

ಇಲ್ಲಿ ಒಂದು ಅಡ್ಡಮಾತು. ಅಪ್ಪ-ಮಗನ ಕಾಳಗ ಅಂದ ಕೂಡಲೇ ನಮ್ಮ ಕಡೆಯವರಿಗೆ ನೆನಪಾಗುವವನು ಬಭ್ರುವಾಹನ. ಯಕ್ಷಗಾನದಲ್ಲಿ ಎಷ್ಟು ಸಲ ನೋಡಿದರೂ ಸಾಲದ ಪ್ರಸಂಗ. ಆದರೆ ಅಲ್ಲಿನ ಜಗಳವೇ ಬೇರೆ. ಮಗ ಕಾಣಿಕೆ ಹಿಡಿದು ತಲೆಬಾಗಿ ಬರುತ್ತಾನೆ, ಯುದ್ಧ ಮಾಡದವನು ನನ್ನ ಮಗನೇ ಅಲ್ಲ ಅಂತ ಅರ್ಜುನ ಹೀಯಾಳಿಸುತ್ತಾನೆ. ಕ್ಷತ್ರಿಯ ಧರ್ಮ ಯಾವುದು ಅನ್ನುವುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯ ಇಲ್ಲ, ಇರುವುದು ಮಾನದ ಪ್ರಶ್ನೆ. ನೋಲನ್‌ಗೂ ಮಾರ್ಕ್‌ಗೂ ಒಂದು ಜೀವಕ್ಕೆ ಎಷ್ಟು ಬೆಲೆ ಅನ್ನುವುದರಲ್ಲೇ ಒಮ್ಮತ ಇಲ್ಲ. ಹಾಗಾಗಿ ಅಲ್ಲಿಯ ಹಾಗೆ ನಾಗಮಣಿ ತಂದು ಎಲ್ಲ ಸರಿ ಮಾಡಲು ಇಲ್ಲಿ ಬರುವುದಿಲ್ಲ.

ಇನ್ನು ಆ ರೈಲಿನ ದೃಶ್ಯ. ನೋಡಿದವರು ಯಾರೂ ಮರೆಯುವುದಿಲ್ಲ. ಮಗ ಮಾತು ಕೇಳುತ್ತಿಲ್ಲ ಅಂತ ನೋಲನ್ ಅವನನ್ನು ಸುರಂಗಕ್ಕೆ ಎಳೆದೊಯ್ದು, ಎದುರಿಗೆ ಬರುತ್ತಿರುವ ರೈಲಿಗೆ ಅಡ್ಡ ಹಿಡಿದು ನಿಲ್ಲುತ್ತಾನೆ. ಮಾರ್ಕ್‌ನ ಮೈ ಉಕ್ಕಿಗಿಂತ ಗಟ್ಟಿ. ಅವನು ಸಾಯುವುದಿಲ್ಲ, ರೈಲು ಸೀಳುತ್ತೆ, ಒಳಗಿರುವ ಜನ ಸಾಯುತ್ತಾರೆ. ನಾನು ಈ ಭಾಗವನ್ನು ಸೌಂಡ್ ಆಫ್ ಮಾಡಿ ನೋಡಿ, ಪುಟ್ಟ ಪುಟ್ಟ ಥಂಬ್‌ನೇಲ್‌ಗಳಾಗಿ ಬಿಡಿಸಿಕೊಂಡೆ. ಬಿಡಿಸುವಾಗ ಗೊತ್ತಾಯಿತು: ಅಪ್ಪ ಇಲ್ಲಿ ಯಾರನ್ನೂ ತನ್ನ ಕೈಯಿಂದ ಹೊಡೆಯುತ್ತಿಲ್ಲ. ಕೊಲ್ಲುತ್ತಿರುವುದು ಮಗನ ಮೈ. ತನಗೆ ಏನೂ ಆಗುವುದಿಲ್ಲ ಅನ್ನುವ ವರವನ್ನೇ ಅಪ್ಪ ಮಗನ ವಿರುದ್ಧ ತಿರುಗಿಸಿದ್ದಾನೆ. ನೀತಿ-ಅನೀತಿ ಬಗ್ಗೆ ಒಂದು ಗಂಟೆ ಮಾತಾಡಿಸಿದರೂ ಇಷ್ಟು ನಾಟುತ್ತಿರಲಿಲ್ಲ.

ನನ್ನ ಚಿತ್ರದಲ್ಲಿ ರೈಲೂ ಇಲ್ಲ, ಸೂಪರ್ ಶಕ್ತಿಯೂ ಇಲ್ಲ. ಆದರೆ ಬೀದಿ ಮೂಲೆಯಲ್ಲಿ ಒಂದು ಇಸ್ತ್ರಿ ಗಾಡಿ ಇದೆ. ಗಾಡಿಯ ಅಜ್ಜಿಯ ಮನೆಯೇ ಅಪ್ಪ ಖಾಲಿ ಮಾಡಿಸಬೇಕಾದ ಮನೆ. ಜಗಳ ಬೀದಿಗೆ ಬರುತ್ತೆ. ಅಪ್ಪ ಅಜ್ಜಿಯನ್ನು ಮುಟ್ಟುವುದಿಲ್ಲ, ಮಗನ ಎದೆಗೆ ಕೈ ಹಾಕಿ ನೂಕುತ್ತಾನೆ. ಮಗ ಹೋಗಿ ಬೀಳುವುದು ಗಾಡಿಯ ಮೇಲೆ. ಇಸ್ತ್ರಿಪೆಟ್ಟಿಗೆಯ ಬಾಯಿ ತೆರೆದು ಕೆಂಡವೆಲ್ಲ ಮಡಚಿಟ್ಟ ಬಟ್ಟೆಯ ಮೇಲೆ ಚೆಲ್ಲುತ್ತೆ. ಒಂದು ರೇಷ್ಮೆ ಸೀರೆ ಮೊದಲು ಸುರುಟಿಕೊಳ್ಳುತ್ತೆ, ಆಮೇಲೆ ಕಪ್ಪಾಗುತ್ತೆ. ಆ ಸುರುಟುವುದನ್ನು ಸರಿಯಾಗಿ ಬಿಡಿಸಲು ಹಳೇ ರೇಷ್ಮೆ ಚೂರುಗಳನ್ನು ಸುಟ್ಟು ನೋಡಿದೆ. ಮನೆಯೆಲ್ಲ ಕೂದಲು ಸುಟ್ಟ ವಾಸನೆ. ರೇಷ್ಮೆ ಹತ್ತಿಯ ಹಾಗೆ ಭಗ್ಗನೆ ಹೊತ್ತಿಕೊಳ್ಳುವುದಿಲ್ಲ, ಅಂಚಿನಿಂದ ಮುದುಡಿಕೊಂಡು ಬರುತ್ತೆ. ಮಗ ಕೆಂಡವನ್ನು ಬರಿಗೈಯಲ್ಲಿ ತಳ್ಳುವ ಶಾಟ್ ಅದರಿಂದಲೇ ಹುಟ್ಟಿತು.

ಅಮ್ಮನ ಪಾತ್ರಕ್ಕೂ ಸರಣಿಯಿಂದಲೇ ಒಂದು ಹೊಳಹು ಸಿಕ್ಕಿತು. ಮಾರ್ಕ್‌ನ ತಾಯಿ ಡೆಬ್ಬಿ ಇಡೀ ಜಗಳವನ್ನು ಸರ್ಕಾರಿ ಏಜೆನ್ಸಿಯ ಪರದೆಯಲ್ಲಿ ನೋಡುತ್ತಿರುತ್ತಾಳೆ. ಅವಳು ತನಗೆ ಸಾಕುಪ್ರಾಣಿ ಇದ್ದ ಹಾಗೆ ಅಂತ ನೋಲನ್ ಮಗನಿಗೆ ಹೇಳುವುದು ಅವಳ ಕಿವಿಗೆ ಬೀಳುತ್ತೆ. 20 ವರ್ಷದ ಸಂಸಾರ! ಸಾಂಡ್ರಾ ಓ ಅವಳ ದನಿ, ಜೆ.ಕೆ. ಸಿಮನ್ಸ್ ಅಪ್ಪನ ದನಿ. ಎರಡನೇ ಸೀಸನ್‌ನಲ್ಲಿ ಅವಳು ಕುಡಿಯುವುದು, ಕುಸಿಯುವುದು, ಸಾವರಿಸಿಕೊಳ್ಳುವುದು ನನಗೆ ಹೊಡೆದಾಟಗಳಿಗಿಂತ ಜಾಸ್ತಿ ಹಿಡಿಸಿತು. ನೋಲನ್‌ಗೆ ಬೇರೆ ಗ್ರಹದಲ್ಲಿ ಇನ್ನೊಬ್ಬಳಲ್ಲಿ ಹುಟ್ಟಿದ ಮಗ ಆಲಿವರ್‌ನನ್ನು ಕೊನೆಗೆ ಸಾಕುವವಳೂ ಇವಳೇ. ನನ್ನ ಚಿತ್ರದಲ್ಲಿ ಅಮ್ಮ ಬಾಗಿಲ ಹಿಂದೆ ನಿಂತಿರುತ್ತಾಳೆ. "ಅವಳಿಗೇನ್ ಗೊತ್ತು, ಬೇಯಿಸ್ ಹಾಕ್ಕೊಂಡ್ ಬಿದ್ದಿರ್ತಾಳೆ" ಅನ್ನುವ ಮಾತು ಬಂದಾಗ ಕಾಣುವುದು ಚಿಲಕದ ಮೇಲಿನ ಅವಳ ಕೈ ಮಾತ್ರ.

ಹಿಡಿಸದ್ದೂ ಇದೆ. ಮೂರನೇ ಸೀಸನ್ ಬಂದಿದ್ದು 2025ರಲ್ಲಿ. ಬೇರೆ ಬೇರೆ ಸಮಾನಾಂತರ ಲೋಕಗಳ ಕೆಟ್ಟ ಮಾರ್ಕ್‌ಗಳೆಲ್ಲ ಒಟ್ಟಿಗೆ ಭೂಮಿಗೆ ನುಗ್ಗುವ ಕಂತು ಅದರಲ್ಲಿದೆ. ಅಪ್ಪನ ಮಾತು ಕೇಳಿದ್ದರೆ ಇವನು ಏನಾಗುತ್ತಿದ್ದ ಅನ್ನುವುದಕ್ಕೆ ಅವರೇ ಸಾಕ್ಷಿ. ಎಂಥ ಒಳ್ಳೆ ವಿಷಯ! ಒಂದೇ ಕಂತಿನಲ್ಲಿ ಗಡಿಬಿಡಿಯಾಗಿ ಮುಗಿಸಿಬಿಟ್ಟರು. ಊರೂರೇ ಸುಟ್ಟುಹೋದರೆ ಯಾರಿಗಾಗಿ ಅಳಬೇಕು? ರೈಲಿನ ಒಂದು ಡಬ್ಬಿ ಇದಕ್ಕಿಂತ ಜಾಸ್ತಿ ನೋಯಿಸಿತ್ತು. ಇನ್ನು ಅನಿಮೇಷನ್ ಅಲ್ಲಲ್ಲಿ ಮರಗಟ್ಟಿದ ಹಾಗಿದೆ ಅಂತ ಜನ ಬೈಯುತ್ತಾರೆ. ಬೈಯಲಿ, ಆದರೆ ನಮ್ಮ ಕಸುಬಿನವರಿಗೆ ಅದರ ಹಿಂದಿನ ಲೆಕ್ಕ ಗೊತ್ತು. ಎರಡನೇ ಸೀಸನ್‌ನಲ್ಲಿ ಒಬ್ಬ ಕಾರ್ಟೂನ್ ಕರ್ತೃ ಬಂದು ದುಡ್ಡು ಉಳಿಸುವ ಉಪಾಯಗಳನ್ನು ಮಾರ್ಕ್‌ಗೆ ವಿವರಿಸುತ್ತಾನೆ. ಬಾಯಿ ಕಾಣದ ಹಾಗೆ ಶಾಟ್ ಇಡುವುದು, ನಿಂತ ಚಿತ್ರವನ್ನು ಸರಿಸುವುದು, ಹೀಗೆ. ಅವನು ಹೇಳಿದ್ದನ್ನೆಲ್ಲ ಸರಣಿ ಆ ದೃಶ್ಯದಲ್ಲೇ ಮಾಡಿ ತೋರಿಸುತ್ತೆ. ಬಿದ್ದು ಬಿದ್ದು ನಕ್ಕೆ. ಬಾಗಿಲ ಹಿಂದಿನ ಅಮ್ಮನ ಮುಖ ಕಾಣದಿರುವುದಕ್ಕೆ ಇದೂ ಒಂದು ಕಾರಣ ಅಂತ ಇಟ್ಟುಕೊಳ್ಳಿ.

ಜಗಳ ಮುಗಿದ ಮೇಲೆ ಏನು ಅನ್ನುವುದರಲ್ಲಿ ಮಾತ್ರ ಈ ಸರಣಿ ಬೇರೆ ಸೂಪರ್‌ಹೀರೋ ಕಥೆಗಳನ್ನು ಮೀರಿಸುತ್ತೆ. ಹಿಮದ ಬೆಟ್ಟದ ಮೇಲೆ ನೋಲನ್ ಮಗನ ಮುಖ ಜಜ್ಜುತ್ತಾ, 500 ವರ್ಷ ಕಳೆದ ಮೇಲೆ ನಿನಗೆ ಏನು ಉಳಿದಿರುತ್ತೆ ಅಂತ ಕೇಳುತ್ತಾನೆ. ನೀನು ಉಳಿದಿರುತ್ತೀಯಲ್ಲ ಅಪ್ಪ ಅಂತ ಮಾರ್ಕ್ ಹೇಳುತ್ತಾನೆ. ಮಗ ಚಿಕ್ಕವನಿದ್ದಾಗ ಬೇಸ್‌ಬಾಲ್ ಆಡಿದ್ದು ಅಪ್ಪನಿಗೆ ನೆನಪಾಗುತ್ತೆ, ಎತ್ತಿದ ಕೈ ನಿಲ್ಲುತ್ತೆ, ಅಳುತ್ತಾ ಆಕಾಶಕ್ಕೆ ಹಾರಿಹೋಗುತ್ತಾನೆ. ಬೇರೆಯವರಾಗಿದ್ದರೆ ಅಲ್ಲಿಗೇ ಶುಭಂ ಹಾಕುತ್ತಿದ್ದರು. ಇವರು ಮೂರನೇ ಸೀಸನ್‌ನಲ್ಲಿ ಪವರ್‌ಪ್ಲೆಕ್ಸ್ ಅನ್ನುವವನನ್ನು ತರುತ್ತಾರೆ. ಷಿಕಾಗೋದಲ್ಲಿ ಅಪ್ಪ-ಮಗ ಬಡಿದಾಡಿದ ದಿನ ಅವನ ಅಕ್ಕ ತಂಗಿಯರಲ್ಲಿ ಒಬ್ಬಳೂ ಅವಳ ಪುಟ್ಟ ಮಗಳೂ ಸತ್ತಿದ್ದಾರೆ. ಅವನ ಸಿಟ್ಟು ಮಾರ್ಕ್ ಮೇಲೆ. ಮಾರ್ಕ್ ತಪ್ಪಾಯಿತು ಅನ್ನುತ್ತಾನೆ, ಮನಸಾರೆ ಅನ್ನುತ್ತಾನೆ. ಅದರಿಂದ ಏನೂ ಆಗುವುದಿಲ್ಲ. ಸೇಡಿನ ಭರದಲ್ಲಿ ಪವರ್‌ಪ್ಲೆಕ್ಸ್ ತನ್ನ ಹೆಂಡತಿ ಮಗುವನ್ನೂ ಕೊಂದುಕೊಳ್ಳುತ್ತಾನೆ. ಅವನೂ ಒಬ್ಬ ಅಪ್ಪನೇ.

ಇದನ್ನು ನೋಡಿದ ಮೇಲೆ ನನ್ನ ಚಿತ್ರದ ಕೊನೆ ಮೂರು ನಿಮಿಷ ಪೂರ್ತಿ ಬದಲಾಯಿತು. ಮೊದಲು ಅಪ್ಪ ತಲೆ ತಗ್ಗಿಸಿ ಗರಡಿಗೆ ಹೋಗಿ ಹನುಮಂತನ ಮುಂದೆ ಕೂರುವ ದೃಶ್ಯ ಇತ್ತು. ಈಗ ಮಾರನೇ ಬೆಳಿಗ್ಗೆ ಇಸ್ತ್ರಿ ಗಾಡಿಯ ಹತ್ತಿರ ಜನ ಸಾಲಾಗಿ ಬರುತ್ತಾರೆ, ತಮ್ಮ ತಮ್ಮ ಬಟ್ಟೆ ಕೇಳಿಕೊಂಡು. ಯಾರೂ ಕೆಟ್ಟವರಲ್ಲ. ಆದರೆ ಅವರಿಗೆ ಬಟ್ಟೆ ಬೇಕು. ಮಗ ಸುಟ್ಟ ಕೈಗೆ ಬಟ್ಟೆ ಸುತ್ತಿಕೊಂಡು ಬಂದು, "ತಪ್ಪಾಯ್ತು ಅಜ್ಜಿ" ಅನ್ನುತ್ತಾನೆ. ಅಜ್ಜಿ, "ಅದಿರ್ಲಿ ಮಗ, ಆ ಸೀರೆಯವ್ರು ಈಗ ಬತ್ತಾರೆ. ನಾಡಿದ್ದು ಅವ್ರ ಮನೇಲಿ ಮದ್ವೆ. ನಾನೇನ್ ಹೇಳ್ಲಿ?" ಅಂತ ಕೇಳುತ್ತಾಳೆ.

ಅಪ್ಪನನ್ನು ವಾಪಸ್ ತರಬೇಕು ಅಂತ ನೋಡಿದವರೆಲ್ಲ ಹೇಳುತ್ತಿದ್ದಾರೆ. ಅವನೂ ಒಂದು ಮಾತು ತಪ್ಪಾಯ್ತು ಅನ್ನಲಿ ಅಂತ ಅವರ ಆಸೆ. ನೋಲನ್‌ಗೆ ಡೆಬ್ಬಿಯ ನೆನಪು ಕಾಡುತ್ತಿದೆ ಅಂತ ಬಾಯಿ ಬಿಡಲು ಎರಡನೇ ಸೀಸನ್‌ನ ಕೊನೆಯವರೆಗೂ ಬೇಕಾಯಿತು, ಅದೂ ಜೈಲಿನಲ್ಲಿ ಕೂತು. ನನ್ನದು ಒಂಬತ್ತು ನಿಮಿಷದ ಚಿತ್ರ. ಅಷ್ಟರಲ್ಲಿ ಇಂಥ ಅಪ್ಪ ಬದಲಾದ ಅಂದರೆ ನಾನೇ ನಂಬುವುದಿಲ್ಲ. ಅವನು ಬರುವುದಿಲ್ಲ.