ಕೋವಿಡ್ ಕಾಲದ ಹದಿಹರೆಯದ ಪ್ರೇಮಕಥೆಯನ್ನು ಬರೆಯುವ ಬಗೆ

ಹದಿಹರೆಯದ ಓದುಗರಿಗಾಗಿ ಕೋವಿಡ್ ಕಾಲದ ಪ್ರೇಮಕಥೆಯನ್ನು ಬರೆಯಲು ಹೊರಟವರು ಕಥೆ ನಡೆಯುವ ತಿಂಗಳನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು. ಪಾತ್ರಗಳ ಹೆಸರು ಆಮೇಲೆ ಹೊಳೆದರೂ ನಡೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡನ್ನು ಜಾಗತಿಕ ಪಿಡುಗೆಂದು ಕರೆದದ್ದು 2020ರ ಮಾರ್ಚ್ 11ರಂದು. ಜನಸಾಮಾನ್ಯರು ಬಟ್ಟೆಯ ಮಾಸ್ಕ್ ಧರಿಸುವಂತೆ ಉತ್ತೇಜಿಸಬೇಕೆಂದು ಅದು ಸರ್ಕಾರಗಳಿಗೆ ಸಲಹೆ ನೀಡಿದ್ದು ಅದೇ ವರ್ಷದ ಜೂನ್ 5ರಂದು. ಈ ನಡುವಿನ ವಾರಗಳಲ್ಲಿ ನಡೆಯುವ ಕಥೆಯಲ್ಲಿ ಮನೆಗೆ ಬಂದ ಪೊಟ್ಟಣವನ್ನು ಒರೆಸಿ ಒರೆಸಿ ಒಳಗಿಡುವವರು ಇರಬೇಕು, ಕಿಟಕಿ ತೆರೆದಿಡುವುದು ಮುಖ್ಯವೆಂದು ಅರಿತವರು ವಿರಳವಾಗಿರಬೇಕು. ಲಸಿಕೆ ಬಂದ ಮೇಲೂ ಹಿರಿಯರ ಸರದಿಯೇ ಮೊದಲಾದ್ದರಿಂದ, ಅಜ್ಜಿಗೆ ಲಸಿಕೆ ಸಿಕ್ಕಿ ಮೊಮ್ಮಗಳಿಗೆ ಸಿಗದ 2021ರ ಆರಂಭದ ತಿಂಗಳುಗಳು ಕಥೆಗಾರರಿಗೆ ಬಹಳ ಒದಗಿಬರುವ ಕಾಲ. ಅಂದು ಯಾರಿಗೆ ಏನು ತಿಳಿದಿತ್ತು ಎಂಬುದನ್ನು ಮರೆತು ಇಂದಿನ ತಿಳಿವಳಿಕೆಯನ್ನು ಪಾತ್ರಗಳ ಬಾಯಲ್ಲಿ ಇಟ್ಟರೆ ಅವರ ಭಯ ಪೊಳ್ಳಾಗಿ ಕಾಣುತ್ತದೆ.

ಕಥೆಯ ಅಡ್ಡಿಯನ್ನು ಆರಿಸುವಾಗ ಹೆಚ್ಚಿನ ಎಚ್ಚರ ಬೇಕು. ವೈರಾಣುವಿಗೆ ಇಚ್ಛೆಯೂ ಇಲ್ಲ, ಮಾತೂ ಇಲ್ಲ. ಅದನ್ನೇ ಖಳನನ್ನಾಗಿ ನಿಲ್ಲಿಸಿದರೆ ಕಾದಂಬರಿ ಸುದ್ದಿಯ ವರದಿಯಂತಾಗುತ್ತದೆ. ನಿಜವಾದ ಅಡ್ಡಿ ಇರುವುದು ಮನೆಯೊಳಗೆ. ಹದಿಹರೆಯದ ಪ್ರೇಮಕಥೆಗಳಲ್ಲಿ ಹುಡುಗ ಹುಡುಗಿಯರು ಮನೆಯವರ ಕಣ್ಣು ತಪ್ಪಿಸಲು ಹೊರಗೆ ಹೋಗುವುದು ವಾಡಿಕೆ. ಇಲ್ಲಿಯಾದರೋ ಹೊರಗು ಮುಚ್ಚಿದೆ, ಮನೆ ತುಂಬಿದೆ, ತಮ್ಮನ ಪಾಠಕ್ಕೂ ಅಪ್ಪನ ಕೆಲಸಕ್ಕೂ ಹುಡುಗಿಯ ಗುಟ್ಟಿನ ಮಾತಿಗೂ ಇರುವುದು ಒಂದೇ ಕೋಣೆ. ಇದಕ್ಕೆ ನೈತಿಕ ಸಂಕಟವೊಂದನ್ನೂ ಸೇರಿಸಬಹುದು. ಸೋಂಕು ತಗುಲಿದ ಮೇಲೆ ಲಕ್ಷಣ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಐದಾರು ದಿನ, ಕೆಲವರಲ್ಲಿ 14 ದಿನಗಳವರೆಗೂ ಹಿಡಿಯುತ್ತಿತ್ತು; ಲಕ್ಷಣವಿಲ್ಲದವರಿಂದಲೂ ಅದು ಹರಡುತ್ತಿತ್ತು. ಹಾಗಾಗಿ ಕದ್ದು ಭೇಟಿಯಾದ ಹತ್ತು ನಿಮಿಷಗಳ ನಂತರ, ಉಬ್ಬಸವಿರುವ ಅಜ್ಜನ ಒಂದೊಂದು ಕೆಮ್ಮಿಗೂ ಹುಡುಗನ ಎದೆ ಝಲ್ಲೆನ್ನುವ ಎರಡು ವಾರಗಳು ತಾವಾಗಿಯೇ ಒಂದು ಅಧ್ಯಾಯವಾಗುತ್ತವೆ. ಅಜ್ಜ ಸಾಯಲೇಬೇಕೆಂದಿಲ್ಲ, ಪ್ರೇಮಿಗಳನ್ನು ಪ್ರಬುದ್ಧರನ್ನಾಗಿಸಲು ಹಿರಿಯರನ್ನು ಬಲಿಕೊಡುವ ತಂತ್ರ ಈಗಾಗಲೇ ಸವೆದಿದೆ. ಸಾವು ಬಂದೇ ಬರುವುದಾದರೆ, ಆಸ್ಪತ್ರೆಯ ಒಳಗೆ ಹೋಗಲಾಗದ, ಕೆಲವೇ ಮಂದಿ ನಿಂತು ಬೀಳ್ಕೊಟ್ಟ ಆ ಕಾಲದ ಶೋಕವನ್ನು ಅವಸರಿಸದೆ ಬರೆಯಬೇಕು.

ಪರದೆಯ ಮೇಲಿನ ಮಾತುಕತೆಯನ್ನು ಪುಟಗಟ್ಟಲೆ ಯಥಾವತ್ತಾಗಿ ಇಳಿಸುವುದು ಬೇಡ. ಬರೆದು ಅಳಿಸಿದ ಸಾಲು, ಓದಿದ ಗುರುತು ಮೂಡಿಯೂ ಬಾರದ ಉತ್ತರ, ಆನ್‌ಲೈನ್ ತರಗತಿಯಲ್ಲಿ ಕ್ಯಾಮೆರಾ ಅರೆಕ್ಷಣ ತೆರೆದಾಗ ಕಂಡ ಬಣ್ಣ ಕಿತ್ತ ಗೋಡೆ, ಇಂಥವು ಸಾಕು. ತಿಂಗಳುಗಟ್ಟಲೆ ಮಾಸ್ಕ್‌ನ ಮೇಲಿನ ಕಣ್ಣುಗಳನ್ನಷ್ಟೇ ಕಂಡವರಿಗೆ ಪೂರ್ತಿ ಮುಖ ಕಂಡಾಗ ಅದು ಕಲ್ಪನೆಗೆ ಹೊಂದದೆ ಹೋಗಬಹುದು. ಆ ಗಲಿಬಿಲಿಯನ್ನು ನಾನಾದರೆ ಮೊದಲ ಚುಂಬನಕ್ಕಿಂತ ಹೆಚ್ಚು ಶ್ರದ್ಧೆಯಿಂದ ಬರೆಯುತ್ತೇನೆ.

ಪಾತ್ರಗಳು ಆ ದಿನಗಳನ್ನು ಹೇಗೆ ದಾಟಿದರು ಎಂಬ ಭಾಗದಲ್ಲಿ ಉಪದೇಶ ನುಸುಳುವುದು ಸುಲಭ. ಶಾಲೆಗಳು ಮುಚ್ಚಿದಾಗ ಜಗತ್ತಿನಾದ್ಯಂತ 190ಕ್ಕೂ ಹೆಚ್ಚು ದೇಶಗಳ ಸುಮಾರು 160 ಕೋಟಿ ವಿದ್ಯಾರ್ಥಿಗಳ ಓದಿಗೆ ಅಡ್ಡಿಯಾಯಿತೆಂದು ಯುನೆಸ್ಕೊ ಲೆಕ್ಕ ಹಾಕಿದೆ. ನಷ್ಟ ಅಷ್ಟು ಸಾಮಾನ್ಯವಾಗಿದ್ದ ಕಾರಣಕ್ಕೇ ನಿಮ್ಮ ಪಾತ್ರದ ನಷ್ಟ ನಿರ್ದಿಷ್ಟವಾಗಿರಬೇಕು: ವರ್ಷವಿಡೀ ತಾಲೀಮು ಮಾಡಿದ ನಾಟಕ, ರದ್ದಾದ ಪರೀಕ್ಷೆ, ವಿದಾಯ ಹೇಳದೆಯೇ ಊರು ಬಿಟ್ಟ ಗೆಳತಿ. ನಿಮ್ಮ ನಾಯಕಿ ಮಧ್ಯಾಹ್ನದವರೆಗೆ ಮಲಗಲಿ, ಅಮ್ಮನ ಮೇಲೆ ರೇಗಲಿ, ಆಮೇಲೆ ಸಂಜೆ ಮಹಡಿಯ ಮೇಲೆ ನಡೆಯುವಂಥ ಸಣ್ಣ ರೂಢಿಯೊಂದನ್ನು ಹಿಡಿಯಲಿ, ಅದನ್ನೂ ನಾಲ್ಕು ದಿನ ಕೈಬಿಡಲಿ. ಆದರೆ ಪ್ರೀತಿಯೊಂದೇ ಅವಳ ಖಿನ್ನತೆಯನ್ನು ಗುಣಪಡಿಸಿತೆಂದು ಬರೆಯಬಾರದು; ಅದು ಸುಳ್ಳು ಮಾತ್ರವಲ್ಲ, ಹುಡುಗನ ಹೆಗಲಿಗೆ ಸಲ್ಲದ ಹೊರೆ ಕೂಡ. ಅಕ್ಕ, ಶಿಕ್ಷಕಿ, ಆಪ್ತಸಮಾಲೋಚಕರು, ಹೀಗೆ ಮೂರನೆಯವರೊಬ್ಬರು ಕಥೆಯಲ್ಲಿರಲಿ. ಸಾಯುವ ಯೋಚನೆ ಪಾತ್ರಕ್ಕೆ ಬಂದರೆ ವಿಧಾನವನ್ನು ವರ್ಣಿಸದೆ, ಅವಳು ಯಾರೊಡನೆ ಬಾಯಿಬಿಟ್ಟಳು ಎಂಬುದನ್ನು ವಿವರವಾಗಿ ತೋರಿಸಬೇಕು.

ಇಂದು ಹದಿಹರೆಯಕ್ಕೆ ಕಾಲಿಡುತ್ತಿರುವ ಓದುಗರು 2020ರಲ್ಲಿ ಪುಟ್ಟ ಮಕ್ಕಳಾಗಿದ್ದರೆಂಬುದನ್ನು ಬರೆಯುವವರು ಮರೆಯುತ್ತಾರೆ. ಅವರಿಗೆ ಕ್ವಾರಂಟೈನ್ ಎಂದರೇನೆಂದು ವಿವರಿಸುವ ಬದಲು, ಮುಚ್ಚಿದ ಬಾಗಿಲಿನ ಹೊರಗೆ ತಟ್ಟೆ ಇಟ್ಟು ಹಿಂದೆ ಸರಿಯುವ ತಾಯಿಯನ್ನು ತೋರಿಸಿದರೆ ಸಾಕು.

ಮುಕ್ತಾಯವನ್ನು ಪಿಡುಗಿನ ಮುಕ್ತಾಯಕ್ಕೆ ಕಟ್ಟಿಹಾಕಬೇಡಿ. ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು 2023ರ ಮೇ 5ರಂದು ಘೋಷಣೆಯಾಗುವಷ್ಟರಲ್ಲಿ ಹದಿನಾರರ ಪಾತ್ರ ಹತ್ತೊಂಬತ್ತರ ಹತ್ತಿರ ಬಂದಿರುತ್ತದೆ. ಕಥೆ ನಿಲ್ಲಬೇಕಾದದ್ದು ಅವರಿಬ್ಬರ ಒಂದು ನಿರ್ಧಾರದ ಬಳಿ. ಶಾಲೆ ತೆರೆದು, ಪರದೆಯ ಮೇಲೆ ಎಲ್ಲವನ್ನೂ ಹೇಳಿಕೊಂಡ ಇಬ್ಬರೂ ಒಂದೇ ತರಗತಿಯಲ್ಲಿ ಎಲ್ಲರ ಎದುರು ಕೂರಬೇಕಾದಾಗ, ಅವರು ಹೇಗೆ ನಡೆದುಕೊಳ್ಳುತ್ತಾರೆಂಬುದನ್ನು ಕೊನೆಯ ಅಧ್ಯಾಯಕ್ಕೆ ಮೀಸಲಿಡಿ.